ಬಲಗಡೆ ಮೇಲಿನ ಚುಕ್ಕೆ

ಕ್ಲೈಪೆಡಾ ಬಂದರಿನ ಹನ್ನೊಂದನೆಯ ಕ್ರೇನು ನನ್ನದು.
ನಲವತ್ತು ಮೀಟರು ಮೇಲೆ ಗಾಜಿನ ಗೂಡು.
ಕೆಳಗೆ ಲಾರಿ ತಡವಾದಾಗ
ಸೀಟಿನ ಹಿಂದಿನ ಚೀಲದಿಂದ ಕ್ಯಾಮೆರಾ ತೆಗೆಯುತ್ತೇನೆ.
ಮಂಜು. ಮಂಜಿನೊಳಗಿಂದ ಕತ್ತು ಚಾಚಿದ ಮಿಕ್ಕ ಕ್ರೇನುಗಳು,
ಹಾಸ್ಟೆಲಿನಲ್ಲಿ ಹಲ್ಲುಜ್ಜಲು ಸಾಲು ನಿಂತ ಹುಡುಗರ ಹಾಗೆ.

ಆ ಮಂಜೇ ಮನೆಗೆ ಬಂದು ಪರದೆಯ ಮೇಲೆ ಹರಡಿದರೆ
ಹಾಲಿನ ಪಾತ್ರೆ ತೊಳೆದ ನೀರು.
"ತಿದ್ದಬೇಕು ಭಾವ," ಎಂದಳು ನಾದಿನಿ ಯೊವಿಟಾ.
"ಯಾವುದರಲ್ಲಿ?" ಎಂದೆ.
ಕೇಳಬಾರದಿತ್ತು.

ಮೊದಲನೆಯದು ಬಾಡಿಗೆಯದು. ತಿಂಗಳು ತಿಂಗಳು ಕೊಡಬೇಕು;
ಕೊಡದ ತಿಂಗಳು ಬಾಗಿಲು ಹಾಕಿಕೊಳ್ಳುತ್ತದೆ,
ನನ್ನ ದುಡಿಮೆ ಒಳಗೆ, ನಾನು ಹೊರಗೆ.
ಎರಡನೆಯದು ಮೂವತ್ತು ದಿನದ ನೆಂಟ.
ಮೂವತ್ತೊಂದನೆಯ ದಿನ ಎಲ್ಲ ಚಿತ್ರಗಳ ಮೇಲೂ
ತನ್ನ ಹೆಸರು ಅಡ್ಡಡ್ಡ ಬರೆದು ಕೂತಿತು.
ಮೂರನೆಯದು ಬಿಟ್ಟಿ. ಗುಂಡಿಗಳೋ
ಮದುವೆಮನೆಯ ಬೀಗರು:
ಒಬ್ಬರನ್ನು ಮಾತಾಡಿಸಿದರೆ ಇನ್ನೊಬ್ಬರಿಗೆ ಮುನಿಸು.
ಅದನ್ನೇ ಉಳಿಸಿಕೊಂಡೆ.
ಕ್ರೇನಿನವನಿಗೆ ಗುಂಡಿಯ ಭಯವೆ?

ಇತ್ತು, ಸುಳ್ಳೇಕೆ.
ಮೇಲೆ ನನ್ನ ಹಿಡಿಕೆ ಒಂದು ಬೆರಳು ಸರಿದರೆ
ಇಪ್ಪತ್ತು ಟನ್ನು ಗಾಳಿಯಲ್ಲಿ ತೂಗುತ್ತದೆ; ಕೈ ಅದನ್ನು ಬಲ್ಲದು.
ಇಲ್ಲಿ ಸ್ಲೈಡರನ್ನು ಈ ತುದಿಯಿಂದ ಆ ತುದಿಗೆ ಎಳೆದರೂ
ಏನೂ ಬೀಳುವುದಿಲ್ಲ, ಯಾರೂ ಕೂಗುವುದಿಲ್ಲ.
ಹಾಗಾಗಿ ಎಳೆದೆ.
ಬಾಲ್ಟಿಕ್ ಕಡಲು ನವಿಲಿನ ಕತ್ತಾಯಿತು,
ಆಕಾಶಕ್ಕೆ ನಮ್ಮ ಬೇಸಿಗೆಯ ಬೀಟ್‌ರೂಟ್ ಸಾರಿನ ಗುಲಾಬಿ ಬಂತು.
ಹೆಂಡತಿ ಡಾಂಗುವೊಲೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿ,
"ಇದು ಯಾವ ದೇಶ?" ಎಂದಳು.

ಚಳಿಗಾಲವಿಡೀ ಕಲಿತೆ.
ಕಡಿಮೆ ಎಳೆಯುವುದನ್ನು ಕಲಿತೆ ಎಂದರೂ ಆದೀತು:
ಕಪ್ಪನ್ನು ಕಪ್ಪಾಗಿರಗೊಡುವುದು,
ಬಿಳಿಯಲ್ಲಿ ಚಿಟಿಕೆ ಬೂದಿ ಉಳಿಸುವುದು,
ಪದರದ ಮೇಲೆ ಪದರ ಹಾಸಿ, ಮೇಲಿನದಕ್ಕೆ ಕಿಂಡಿ ಕೊರೆದು
ಕೆಳಗಿನದು ಇಣುಕುವಷ್ಟು ಜಾಗ ಬಿಡುವುದು.

ಆಗ ಕಣ್ಣಿಗೆ ಬಿತ್ತು: ಎಲ್ಲ ಚಿತ್ರಗಳಲ್ಲೂ
ಬಲಗಡೆ ಮೇಲೆ, ಅದೇ ಜಾಗದಲ್ಲಿ,
ಎಳ್ಳುಕಾಳಿನಷ್ಟು ಚುಕ್ಕೆ.
ಕ್ಯಾಮೆರಾದ ಹೊಟ್ಟೆಯೊಳಗಿನ ಧೂಳು.
ಒಂದರಲ್ಲಿ ಒರೆಸಿದೆ. ಅದೇ ಒರಸನ್ನು
ಮುನ್ನೂರ ಹನ್ನೆರಡಕ್ಕೂ ಒಮ್ಮೆಗೇ ಹೊರಡಿಸಿದೆ,
ಸರ್ಕಾರಿ ಸುತ್ತೋಲೆಯ ಹಾಗೆ.
ಟೀ ಕಾಯಿಸಿಕೊಂಡು ಬರುವಷ್ಟರಲ್ಲಿ ಎಲ್ಲ ಚೊಕ್ಕಟ.

ಕ್ಯಾಂಟೀನಿನ ಗೋಡೆಗೆ ಹನ್ನೆರಡು ಅಂಟಿಸಿದರು.
ಹಡಗಿನ ಹಗ್ಗ ಕಟ್ಟುವ ಗಿಂಟೌಟಸ್, ಮಾತು ಕಡಿಮೆಯವನು,
ಒಂದರ ಮುಂದೆ ಸಾರಿನ ಬಟ್ಟಲು ಹಿಡಿದು ನಿಂತೇ ಇದ್ದ.
"ಕಿತ್ತಳೆ ಹಡಗು ಬಂದ ದಿನ ಅಲ್ಲವೆ?"
"ಹೌದು."
"ಆವತ್ತು ಕಟ್ಟೆಯ ತುದಿಯಲ್ಲಿ ನಾನಿದ್ದೆ.
ನಿನಗೆ ಕೈ ಬೀಸಿದೆ."
ಒಂದು ಚಮಚ ಸಾರು ಕುಡಿದ.
"ಇಲ್ಲಿಲ್ಲ."

ಮನೆಗೆ ಹೋಗಿ ಕೋಟೂ ಬಿಚ್ಚದೆ ತೆರೆದೆ.
ಈ ಬಿಟ್ಟಿ ಸಾಫ್ಟ್‌ವೇರಿನ ಒಂದು ಗುಣ:
ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ನಾವು ಮಾಡಿದ್ದನ್ನೆಲ್ಲ
ಅಂಗಡಿಯ ಉದ್ರಿ ಪುಸ್ತಕದಂತೆ
ಪಕ್ಕದಲ್ಲಿ ಸಾಲಾಗಿ ಬರೆದಿಟ್ಟಿರುತ್ತದೆ.
ಮೇಲಿನಿಂದ ಒಂದೊಂದೇ ಸಾಲು ಹೊಡೆದುಹಾಕುತ್ತ ಇಳಿದೆ.
ಬಣ್ಣ ಬಿಟ್ಟಿತು. ಕಪ್ಪು ತೆಳುವಾಯಿತು.
ಪಾತ್ರೆ ತೊಳೆದ ನೀರು ಮರಳಿ ಬಂತು.
ಕಟ್ಟಕಡೆಯ ಸಾಲು ತೆಗೆದಾಗ
ಬಲಗಡೆ ಮೇಲೆ, ಚುಕ್ಕೆ.
ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ.
ಧೂಳಿಗೆ ಒಂದು ಕೈ ಇತ್ತು,
ಎತ್ತಿದ ಕೈ.

ಎಲ್ಲಿಯವರೆಗೆ ಧೂಳು, ಎಲ್ಲಿಂದ ಗಿಂಟೌಟಸ್,
ಬಿಡಿಸಿ ಹೇಳಲು ನನ್ನ ವಿದ್ಯೆ ಸಾಲದು.
ಎರಡನ್ನೂ ಇಟ್ಟುಕೊಂಡೇ ಮತ್ತೆ ಅಚ್ಚು ಹಾಕಿಸಿ
ಹಳೆಯದರ ಮೇಲೆ ಅಂಟಿಸಿ ಬಂದೆ. ಅವನು ನೋಡಿದನೋ ಏನೋ,
ಏನೂ ಅನ್ನಲಿಲ್ಲ.

ಸೆನ್ಸರ್ ಒರೆಸಿಸು ಎನ್ನುತ್ತಾಳೆ ಯೊವಿಟಾ. ಒರೆಸಬೇಕು.
ಸದ್ಯ, ಊಟವಾದ ಮೇಲೆ, ರಾತ್ರಿಗೆ ಹತ್ತರಂತೆ
ಉಳಿದ ಮುನ್ನೂರ ಹನ್ನೊಂದನ್ನು ಬಿಚ್ಚಿ ನೋಡುತ್ತಿದ್ದೇನೆ.
ಈವರೆಗೆ ಸಿಕ್ಕಿದ್ದು:
ಒಂದು ಸೈಕಲ್ಲು,
ಕಂಬಕ್ಕೆ ಒರಗಿಸಿದ್ದು.