ಏಳನೆಯ ಮೋನಬ್ಬ

ಧಕ್ಕೆಯಲ್ಲಿ ಏಲಂ ಶುರುವಾಗುವ ಹೊತ್ತಿಗೆ
ಬಂದರಿನ ಅಕ್ಕಿ ಗೋದಾಮಿನ ಮೇಲಿನ ನನ್ನ ಕೋಣೆಯಲ್ಲಿ
ಪರದೆಯ ತುಂಬ ಹಸಿರು ಚುಕ್ಕಿಗಳು ಏಳುತ್ತವೆ.
ಯಾರೋ ಬಂಗುಡೆ ತೂಗಿದರು, ಯಾರೋ ಐಸಿನ ಬಾಕಿ ಬರೆದರು.
ತಿಂಗಳಿಗೆ ನಾನೂರೈವತ್ತು ರೂಪಾಯಿ, ಒಂದು ಕೀಲಿ, ಒಂದು ಕಂಪ್ಯೂಟರು.
ಬಿಲ್ಲಿನಲ್ಲಿ ಹಾಗೆಂದು ಬರೆದಿದ್ದೇನೆ,
ಓದುವವರು ಯಾರು.

ಮೋನಬ್ಬ ಸಾಹೇಬರ ಕೀಲಿ ಹದಿನಾರು ಅಕ್ಷರ.
ಹೋದ ವಾರದಿಂದ ಅದು ಉಳ್ಳಾಲದಲ್ಲಿ ತೆರೆದ ನಿಮಿಷಕ್ಕೇ
ಮಲ್ಪೆಯಲ್ಲೂ ತೆರೆಯುತ್ತದೆ, ಗಂಗೊಳ್ಳಿಯಲ್ಲೂ.
ಒಬ್ಬ ಮನುಷ್ಯ ಏಳು ಕಡೆ ಕೂತು
ಏಳು ರಾಶಿ ಮೀನಿಗೆ ಲೆಕ್ಕ ಬರೆಯುತ್ತಿದ್ದಾನೆ.

ಬೀಗ ಹಾಕುವುದೇನೂ ಕಷ್ಟವಲ್ಲ.
ದಿನಕ್ಕೊಮ್ಮೆ ನನ್ನನ್ನು ಕೇಳು, ಉತ್ತರ ಬರದಿದ್ದರೆ ಬಾಯಿ ಮುಚ್ಚು
ಎಂದು ಪ್ರೋಗ್ರಾಮಿಗೆ ಕಲಿಸಬಹುದು.
ಕಳೆದ ಆಗಸ್ಟಿನಲ್ಲಿ ಕಲಿಸಿದ್ದೆ.
ಗಾಳಿಗೆ ಟವರು ಬಿದ್ದ ಬೆಳಗ್ಗೆ
ತಪ್ಪದೆ ದುಡ್ಡು ಕಟ್ಟುವ ಕುಸುಮಕ್ಕನ ಪರದೆಯೇ ಮೊದಲು ಕಪ್ಪಾಯಿತು.
ಅಂಜಲ್ ಮೂವತ್ತು ಬಾಕ್ಸು, ಲಾರಿ ಇಂಜಿನು ಆರಿಸದೆ ನಿಂತಿತ್ತು,
ಐಸಿನ ಚೀಟಿಯ ಹಿಂದೆ ಬರೆದುಕೊಂಡರಂತೆ.
ಕದ್ದ ಪ್ರತಿಗಳಲ್ಲಿ
ಕೇಳುವ ಸಾಲನ್ನೇ ಯಾರೋ ಕಿತ್ತುಹಾಕಿದ್ದರು.
ಅವು ಹಾಯಾಗಿದ್ದವು.

ಅಪ್ಪ ಬಲೆಯ ಕಣ್ಣಿಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದ,
ಮರಿ ಹೋಗಬೇಕು, ಮೀನು ನಿಲ್ಲಬೇಕು.
ನನಗೆ ಅಂಥ ಬೆರಳಿಲ್ಲ.
ಈಗ ಏಳು ದಿನದ ಸಲಿಗೆ ಇಟ್ಟಿದ್ದೇನೆ,
ಏಳೇ ಯಾಕೆಂದರೆ ಗೊತ್ತಿಲ್ಲ.

ಇವತ್ತು ಐದೂ ಮುಕ್ಕಾಲಿಗೆ ಫೋನು.
ಏಳರಲ್ಲಿ ಆರನ್ನು ಕತ್ತರಿಸಲು ಗುಂಡಿಯ ಹತ್ತಿರ ಕೈಯಿಟ್ಟಿದ್ದೆ.
“ಮೇಡಂ, ನಿಮ್ಮದರಲ್ಲಿ ಕಮಿಷನ್ ಎರಡು ಸಲ ಕಟ್ಟಾಗ್ತದೆ.
ಎಂಥ ಮಾರಾಯ್ರೆ ಇದು,
ಬೋಟಿನವರು ನನ್ನನ್ನು ಕಳ್ಳ ಅಂತ ಹೇಳ್ತಾರೆ.”
ಯಾರು ಮಾತಾಡುವುದು, ಎಂದೆ.
ತುಸು ಹೊತ್ತು ಬರೀ ಐಸು ಒಡೆಯುವ ಸದ್ದು.
“ಮೋನಬ್ಬ.”

ಮೋನಬ್ಬರ ಸ್ವರಕ್ಕೆ ಅರವತ್ತೆಂಟು ವರ್ಷ, ಮಾತಿಗೊಂದು ಕೆಮ್ಮು.
ಇದಕ್ಕೆ ಇಪ್ಪತ್ತೂ ಆಗಿರಲಿಲ್ಲ.

ತೆಗೆದು ನೋಡಿದೆ. ತಪ್ಪು ನನ್ನದೇ.
ಕುಸುಮಕ್ಕ ಹೇಳಿಯೇ ಇರಲಿಲ್ಲ,
ದಿನವೂ ಕೈಯಲ್ಲಿ ಕೂಡಿಸಿ ಸರಿಮಾಡಿಕೊಂಡಿರಬೇಕು.
ತಿದ್ದಿ ಕಳಿಸಿದೆ, ಅವರಿಗೂ, ಆ ಏಳಕ್ಕೂ.
“ಸರಿಯಾಯ್ತು ಮೇಡಂ. ಉಪಕಾರ.”

ಇಡುವ ಮುಂಚೆ ಕೇಳಿದೆ,
ಮೋನಬ್ಬರೇ, ನಿಮ್ಮ ಕೆಮ್ಮು ಈಗ ಹೇಗುಂಟು?

ಆ ಕಡೆ ಹುಡುಗ
ಸ್ವಲ್ಪ ಯೋಚಿಸಿ
ಕೆಮ್ಮಿದ.