ನಡುಕಟ್ಟಿನ ಉದ್ದ

ಬಾ, ಮೊದಲು ಬಾಗಿಲು ಹಾಕು, ಬಿಸಿಯೆಲ್ಲ ಹೊರಗೋಡುತ್ತದೆ.
ಕೂರು. ಚಹಾ ಬಗ್ಗಿಸಿಕೋ, ಉಪ್ಪು ಹಾಕಿಯಾಗಿದೆ.
ಮೂರು ಮಕ್ಕಳು, ಬೆಳಗ್ಗೆ ಐದಕ್ಕೆ ಟ್ರಾಲಿಬಸ್ಸು,
ಹೇಗೆ ತೂಗಿಸುತ್ತೀಯೇ ಎಂದು ಕೇಳಿದೆಯಲ್ಲ ನಿನ್ನೆ
ನೀರಿನ ಸರದಿಯಲ್ಲಿ;
ಉಲಾನ್‌ಬಾತರದ ಚಳಿಗೆ ಹಲ್ಲು ಕಟಕಟ, ಉತ್ತರ ಹೊರಡಲಿಲ್ಲ.

ತೂಗಿಸುವುದಿಲ್ಲ ಖಾಜಿದ್ಮಾ. ತಕ್ಕಡಿ ಎಲ್ಲಿದೆ ನಮ್ಮಲ್ಲಿ?
ಒಂದು ದುಂಡು ಉಣ್ಣೆಯ ಮನೆ, ಮೂಲೆಗಳೇ ಇಲ್ಲ,
ಕಸ ಬಚ್ಚಿಡಲೂ ಜಾಗವಿಲ್ಲ.
ಅದೇ ಮೊದಲ ಅನುಕೂಲ.

ನೀರು ನೋಡು. ದಿನಕ್ಕೆ ಹಳದಿ ಕ್ಯಾನು ಎರಡೇ.
ಮುಖ ತೊಳೆದದ್ದನ್ನು ಚೆಲ್ಲಬೇಡ, ಅದಿನ್ನೂ ದುಡಿಯಬಲ್ಲದು:
ಮೊದಲು ಚಿಕ್ಕವಳ ಮುಖ, ಅವಳ ಕೊಳೆ ಕಡಿಮೆ,
ಆಮೇಲೆ ದೊಡ್ಡವರ ಕೈ, ಆಮೇಲೆ ಕಾಲುಚೀಲ,
ಕೊನೆಗೆ ನೆಲ. ಅಲ್ಲಿಂದಲೂ ಹಿಂಡಿ
ಬೂದಿಗುಡ್ಡೆಗೆ ಚಿಮುಕಿಸು, ಗಾಳಿಗೆ ಹಾರದಿರಲಿ.
ನನ್ನ ಗಂಡ ನಗುತ್ತಾನೆ:
ಈ ಮನೆಯಲ್ಲಿ ನೀರಿಗೂ ಪಿಂಚಣಿಯಿಲ್ಲ.

ಚಳಿಯನ್ನು ಬೈಯಬೇಡ, ಅದಕ್ಕೊಂದು ಕೆಲಸ ಕೊಡು.
ಭಾನುವಾರ ಬನ್ಶ್ ಮಾಡುತ್ತೇವೆ, ಹೆಬ್ಬೆರಳಿನಷ್ಟು ಕಡುಬು.
ಹಿಟ್ಟು ನನ್ನದು, ಕೈಮಾ ಅವನದು,
ಬಾಯಿ ಮುಚ್ಚುವುದು ಮಕ್ಕಳದು
(ಕಡುಬಿನ ಬಾಯಿ; ತಮ್ಮದು ಎಲ್ಲಿ ಮುಚ್ಚುತ್ತವೆ).
ಇವೀಲ್ ಮಾಡಿದ್ದು ಕಿವಿಯಂತೆ,
ಸುವ್ದಾ ಮಾಡಿದ್ದು ಯಾವುದರಂತೆಯೂ ಅಲ್ಲ.
ತಿದ್ದಬೇಡ.
ಹಲಗೆಗೆ ಹಿಟ್ಟುದುರಿಸಿ ಹೊರಗಿಡು, ನಾಯಿಗೆ ಎಟುಕದಂತೆ.
ಒಂದು ತಾಸಿಗೆ ಕಲ್ಲು. ಚೀಲಕ್ಕೆ ಸುರಿದರೆ ಗೋಲಿಯ ಸದ್ದು.
ಬುಧವಾರ ರಾತ್ರಿ, ಕಾಲು ನನ್ನವಲ್ಲ ಎನಿಸಿದಾಗ,
ಕುದಿಯುವ ನೀರಿಗೆ ನಾಲ್ಕು ಹಿಡಿ. ಮುಗಿಯಿತು ಅಡುಗೆ.
ತಾನು ಮಾಡಿದ ಕಿವಿ ಹುಡುಕುತ್ತ ಹುಡುಕುತ್ತ
ಹುಡುಗ ಬಟ್ಟಲನ್ನೇ ಬರಿದು ಮಾಡಿರುತ್ತಾನೆ.

ಬಟ್ಟೆ ಮಡಿಸುವುದೇ? ಬಿಟ್ಟೆ, ಎರಡನೆಯವಳು ಹುಟ್ಟಿದಾಗಲೇ.
ತಲೆಗೊಂದು ಪೆಟ್ಟಿಗೆ, ಎಸೆದರಾಯಿತು.
ಅತ್ತೆ ಬಂದಾಗ ಮುಚ್ಚಳ ಹಾಕುತ್ತೇನೆ.
ಆದರೆ ನಾಳೆಯದನ್ನು ರಾತ್ರಿಯೇ ಹಾಸಿಡುತ್ತೇನೆ ಒಲೆಯ ಬಳಿ,
ಟೋಪಿ, ಅಂಗಿ, ಚಡ್ಡಿ, ಬೂಟು,
ಒಬ್ಬ ಹುಡುಗ ಮಲಗಿದ ಹಾಗೇ.
ನಾಲ್ಕಕ್ಕೆ ಎದ್ದು ಹೊರಡುವಾಗ
ಆ ಚಪ್ಪಟೆ ಹುಡುಗನಿಗೂ ಹೊದಿಸಬೇಕೆನಿಸುತ್ತದೆ.
ರಾತ್ರಿ ಪಾಳಿ ಮುಗಿಸಿ ಗಂಡ ಬರುವುದೂ ಅದೇ ಹೊತ್ತಿಗೆ.
ಹೊಸ್ತಿಲು ತುಳಿಯದೆ, ಅವನು ಆಚೆ ನಾನು ಈಚೆ,
ಅಷ್ಟೇ ನಮ್ಮ ಸಂಸಾರ, ವಾರದ ಐದು ದಿನ.

ಇನ್ನು ನೀನು ಕಣ್ಣಲ್ಲೇ ಕೇಳುತ್ತಿರುವುದು. ಹೌದು, ಕಟ್ಟುತ್ತೇನೆ,
ಕಲ್ಲಿದ್ದಲಿಗೆಂದು ಹೊರಗೆ ಹೋಗಿ ಬರುವಷ್ಟು ಹೊತ್ತು.
ನಿನ್ನ ಅಮ್ಮ ಕಟ್ಟಿರಲಿಲ್ಲವೇ ನಿನ್ನನ್ನು,
ಹುಲ್ಲುಗಾವಲಲ್ಲಿ, ಕುರಿಗಳ ಹಿಂದೆ ಓಡುವಾಗ?
ಮಂಚದ ಕಾಲಿಗೆ ನನ್ನ ನಡುಕಟ್ಟು, ರೇಷ್ಮೆ, ಮದುವೆಯದು.
ಅಳತೆ ಹೀಗೆ: ಮಗುವಿನ ಕೈ ಪೂರ್ತಿ ಚಾಚಿಸು,
ಒಲೆಗೆ ಎರಡು ಗೇಣು ಉಳಿದಲ್ಲಿ ಗಂಟು.
ಛಾವಣಿಯ ಬಳೆಯಿಂದ ಬಿದ್ದು ತೆವಳುತ್ತದಲ್ಲ
ಆ ಬಿಸಿಲ ರೊಟ್ಟಿ, ಅದು ಮಾತ್ರ ಕೈಗೆ ಸಿಗುವಂತಿರಲಿ.
ತಿಂಗಳಿಗೊಮ್ಮೆ ಮತ್ತೆ ಅಳೆ.
ಕೈ ಬೆಳೆಯುತ್ತದೆ, ಗಂಟು ಹಿಂದೆ ಸರಿಯಬೇಕು.

ಮೊನ್ನೆ ಬಕೆಟ್ಟು ಹಿಡಿದು ಒಳಬಂದೆ.
ಗಂಟು ಬಿಚ್ಚಿ ಬಿದ್ದಿತ್ತು.
ಚಿಕ್ಕವಳು ಒಲೆಯ ಎದುರು, ಸರಿಯಾಗಿ ಎರಡು ಗೇಣಿನಾಚೆ,
ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು
‘ಸುಡುತ್ತೆ’ ಎಂದು
ಒಲೆಗೇ ಬುದ್ಧಿ ಹೇಳುತ್ತಿದ್ದಳು.

ಅದಕ್ಕೇ, ತಗೋ ಇದು. ಒಗೆದಿದ್ದೇನೆ,
ಕೊನೆಯ ನೀರಲ್ಲಲ್ಲ, ಮೊದಲನೆಯದರಲ್ಲಿ.
ನಿನ್ನ ಮಗುವಿನ ಕೈ ಎಷ್ಟುದ್ದವೋ,
ನೀನೇ ಅಳೆದುಕೋ.