ಖಾಲಿ ತೂಕ

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನ ಗೇಟಿನಲ್ಲಿ
ಲಾರಿ ತೂಗುವ ಕಟ್ಟೆಗೆ ನಾನು ಗುಮಾಸ್ತೆ.
ತುಂಬಿ ಬಂದಾಗ ಒಮ್ಮೆ, ಇಳಿಸಿ ಹೋಗುವಾಗ ಒಮ್ಮೆ;
ಎರಡರ ನಡುವಿನದಷ್ಟೇ ಕಾಫಿ,
ಮಿಕ್ಕಿದ್ದೆಲ್ಲ ಕಬ್ಬಿಣ, ಡೀಸೆಲ್, ಕ್ಲೀನರ್ ಹುಡುಗನ ನಿದ್ದೆ.

ಎರಡು ಲಾರಿಗಳ ನಡುವೆ ನನಗೊಂದು ರಾಜ್ಯವಿತ್ತು,
ಮೊಬೈಲಿನಲ್ಲಿ.
ಆರು ಜನರ ನಕ್ಷೆ, ದಿನಕ್ಕೊಂದೇ ನಡೆ.
ನನ್ನ ಮೂಡಣಕ್ಕೆ ‘ಕರಿಮೆಣಸು’ ಎಂಬ ಹೆಸರಿನವನೊಬ್ಬ
(ಅಥವಾ ಒಬ್ಬಳು. ಆ ಆಟದಲ್ಲಿ ಎಲ್ಲರಿಗೂ ಮೀಸೆಯ ಚಿತ್ರವೇ.)

ಹನ್ನೊಂದು ದಿನ ಮುತ್ತಿಗೆ ಹಾಕಿದ್ದೆ.
ನಾಲ್ಕು ಪಡೆ ಕರಗಿದವು, ಕಣಜ ಬರಿದಾಯಿತು,
ಪಡುವಣದ ಬಿಲ್ಲುಗಾರರನ್ನೆಲ್ಲ ಬಿಚ್ಚಿ ತಂದು ಇಲ್ಲಿ ಸುರಿದೆ.
ಅವನೂ ಚೆನ್ನಾಗಿಯೇ ಆಡಿದ.
ಸೇತುವೆ ಮುರಿದು ಮೂರು ದಿನ ನನ್ನನ್ನು ಹೊಳೆಯಾಚೆ ನಿಲ್ಲಿಸಿದ;
ಅವತ್ತೇ ನಾನು ಚೀಟಿಯಲ್ಲಿ ಒಂದು ಸೊನ್ನೆ ಹೆಚ್ಚಿಗೆ ಬರೆದು
ಪಳಂಗಪ್ಪ ಮ್ಯಾನೇಜರಿಂದ ಬೈಸಿಕೊಂಡದ್ದು.

ಹನ್ನೆರಡನೇ ಬೆಳಿಗ್ಗೆ ಪರದೆಯ ಮೇಲೆ ಒಂದೇ ಸಾಲು:
ಕರಿಮೆಣಸು ಆಟ ಬಿಟ್ಟುಕೊಟ್ಟಿದ್ದಾರೆ.
ಗೋಡೆಗಳಿದ್ದವು. ಕಾವಲಿರಲಿಲ್ಲ.
ಅತ್ತ ಬದಿಯಿಂದ, ಅಷ್ಟೂ ದಿನ
ಒಂದು ಬಾಣವನ್ನೂ ಬಿಡದೆ ಗೋಧಿ ಬೆಳೆಯುತ್ತ ಕೂತಿದ್ದ ‘ಬಿದಿರಕ್ಕಿ’
ಮದುವೆ ಮನೆಗೆ ಬಂದವನಂತೆ ಒಳಗೆ ನಡೆದು
ಒಂಬತ್ತು ಊರು ಎತ್ತಿಕೊಂಡ.
ನನಗೆ ಸಿಕ್ಕಿದ್ದು ಮುರಿದ ಸೇತುವೆ.

ಸೋಲೊಪ್ಪಿದ್ದು ಯಾರಿಗೆ ಹಾಗಾದರೆ?
ನನಗಂತೂ ಅಲ್ಲ.

ನಾಪೋಕ್ಲಿನ ಹಾಕಿ ಮೈದಾನ ನೆನಪಾಯಿತು.
ನಮ್ಮ ಒಕ್ಕದವರು ಬಿಸಿಲಲ್ಲಿ ಆಡಿ, ಸಮವಾಗಿ, ಮತ್ತೆ ಆಡಿ,
ಬೋಜಣ್ಣನ ಮೊಣಕಾಲು ಚಕ್ಕೋತದಷ್ಟು ಊದಿ,
ಗೆದ್ದೆವು. ಮರುದಿನ ಎದುರಿಗೆ ಬಂದವರು
ಹಿಂದಿನ ಸುತ್ತಿನಲ್ಲಿ ವಾಕ್‌ಓವರ್ ಪಡೆದವರು;
ಎದುರಾಳಿಗಳು ಬರಲೇ ಇಲ್ಲ, ಯಾವುದೋ ನಾಮಕರಣವಂತೆ.
ಇವರ ಶೂಗಳಿಗೆ ಇನ್ನೂ ಮಣ್ಣು ಹತ್ತಿರಲಿಲ್ಲ.
ಆರು ಗೋಲು.
‘ಅಂಪೈರ್ ತಪ್ಪಿದ್ದರೆ ಬೈಯಲಿಕ್ಕಾದರೂ ಒಬ್ಬನಿರುತ್ತಿದ್ದ’
ಅಂದಳು ದೇಚಕ್ಕ, ವಾಪಸು ಬರುವ ಜೀಪಿನಲ್ಲಿ.

ಹಾಗೆಂದು ಕಟ್ಟಿಹಾಕಲಾದೀತೆ?
ಯಾರಿಗೆ ಗೊತ್ತು, ಕರಿಮೆಣಸಿಗೆ ಪರೀಕ್ಷೆಯಿತ್ತೋ,
ಆಸ್ಪತ್ರೆಯ ಬೆಂಚಿತ್ತೋ, ಬರೀ ಬೇಸರವೋ.
ಬೇಸರವೂ ಒಂದು ಕಾರಣವೇ. ಒಲ್ಲದವರನ್ನು
ಎಲೆಯ ಮುಂದೆ ಕೂರಿಸಿಡುವುದು ಯಾವ ಮರ್ಯಾದೆ?
ಆದರೂ,
ತುಂಬಿದ್ದನ್ನು ತೂಗಿಸಿ, ಇಳಿಸಿದ ಮೇಲೆ
ಖಾಲಿ ತೂಗಿಸದೆ ಲಾರಿ ಹೊರಟುಹೋದರೆ
ಆ ಚೀಟಿಯಲ್ಲಿ ನಾನು ಏನು ಬರೆಯಲಿ?

ಮುಂದಿನ ಆಟ. ಈಗ ಸೋಲುವ ಸರದಿ ನನ್ನದು.
ಒಂದು ಊರು, ಒಂದು ದೋಣಿ, ಮೂವರು ಈಟಿಯವರು.
ಬಡಗಣದವಳು ಬೆವರು ಸುರಿಸಿಯೇ ನನ್ನನ್ನು ಸೋಲಿಸುತ್ತಿದ್ದಳು.
ತೆಂಕಣದವನು ಕಾದು ಕೂತಿದ್ದ, ಗುಟ್ಟಾಗಿ ಬರೆದ:
‘ಬಿಟ್ಟುಬಿಡು. ಅವಳಿಗೇಕೆ ಆ ಖುಷಿ?’
ಸಿಟ್ಟಿತ್ತು ನನಗೆ, ಸುಳ್ಳು ಹೇಳುವುದಿಲ್ಲ.
ಆ ಕೆಂಪು ಗುಂಡಿಯ ಮೇಲೆ ಬೆರಳು
ಒಂದು ಲಾರಿ ಬಂದು ಹೋಗುವಷ್ಟು ಹೊತ್ತು ನಿಂತಿತ್ತು.

ಅದೇ ರಾತ್ರಿ ಆನೆಕಾಡಿನ ಕಡೆಯಿಂದ ಸಲಗವೊಂದು
ಹಲಸಿಗೆಂದು ಇಳಿದು, ಕರೆಂಟು ಕಂಬ ಒರಗಿಸಿತು.
ಟವರ್ ಸತ್ತಿತು.
ನನ್ನ ನಡೆಗೆ ಉಳಿದದ್ದು ಎರಡು ಗಂಟೆ.
ಆಟಕ್ಕೆ ಆನೆ ಗೊತ್ತಿಲ್ಲ;
ಬಿಟ್ಟುಕೊಟ್ಟಿದ್ದಾರೆ ಎಂದೇ ಬರೆಯುತ್ತದೆ.

ಸ್ಕೂಟರ್ ಹತ್ತಿದೆ. ಗುಡ್ಡೆಹೊಸೂರಿನ ತಿರುವಿನಲ್ಲಿ
ಬಾಗಿಲು ಹಾಕಿದ ಹಂದಿಮಾಂಸದ ಅಂಗಡಿಯ ಮುಂದೆ ಎರಡು ಕಡ್ಡಿ ಸಿಗ್ನಲ್.
ನಾಯಿಯೊಂದು ಎದ್ದು ಏನು ಸಮಾಚಾರ ಎಂದು ಬೊಗಳಿತು.
ಈಟಿಯವರನ್ನು ಗೋಡೆಗೆ ನಿಲ್ಲಿಸಿದೆ,
ದೋಣಿಯನ್ನು ಕಡಲಿಗೆ ಬಿಟ್ಟೆ, ಎಲ್ಲಿಗೂ ಅಲ್ಲ,
ನಡೆ ಮುಗಿಸಿದೆ.

ಬೆಳಿಗ್ಗೆ ಊರು ಹೋಯಿತು, ಅವಳಿಗೇ.
ಮೂರು ಈಟಿಗೆ ಅವಳ ಐದು ಕುದುರೆ ಬಿದ್ದಿದ್ದವು.
‘ಇದ್ದದ್ದಕ್ಕೆ ಥ್ಯಾಂಕ್ಸ್’ ಎಂದು ಬರೆದಳು.
ಉತ್ತರಿಸುವಷ್ಟರಲ್ಲಿ ಕಟ್ಟೆಯ ಮೇಲೆ ಹಾರ್ನ್,
ಇಳಿಸಿ ಬಂದ ಲಾರಿ.
ಅಂಕಿಗಳು ನಡುಗಿ ನಿಲ್ಲುವ ತನಕ ಕಾದೆ.